ಪೈಪಿನ ಅಂಗಡಿಯ ಜರ್ಮನ್

ನಾನು ಜರ್ಮನ್ ಪರೀಕ್ಷೆಯಲ್ಲಿ ಫೇಲಾದದ್ದು ಓದದೆ ಅಲ್ಲ, ಮರ್ಯಾದೆ ಹೆಚ್ಚಾಗಿ. ಹೀಗೆಂದರೆ ಈಗಲೂ ಯಾರೂ ನಂಬುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುತ್ತಾರೆ. ನಗಲಿ. ಅದನ್ನು ನೆನೆದರೆ ನನಗೇ ಬಸ್ಸಿನಲ್ಲಿ ಕೂತಿದ್ದರೂ ನಗು ಉಕ್ಕುತ್ತದೆ, ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಕೂರುತ್ತಾರೆ.

ನಮ್ಮ ಮನೆ ಕೇರಳದ ಗಡಿಯೊಳಗಿನ ಬಂದ್ಯೋಡಿನಲ್ಲಿ. ಮನೆಯೊಳಗೆ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತು ಆಫೀಸಿನಲ್ಲಿ ಮಲಯಾಳ, ಮೀನಿನವರ ಹತ್ತಿರ ಬ್ಯಾರಿ, ಬೇಕರಿಯಲ್ಲಿ ಕೊಂಕಣಿ. ಇದರಲ್ಲಿ ಒಂದನ್ನೂ ನಾವು ಕೂತು ಕಲಿತದ್ದಲ್ಲ. ಶೀತ ಹತ್ತಿಕೊಂಡ ಹಾಗೆ ಹತ್ತಿಕೊಂಡದ್ದು. ಈ ಬರಹದಲ್ಲಿ ಮನೆಯವರು ಕನ್ನಡ ಮಾತಾಡುತ್ತಾರೆ, ಆದರೆ ಅವರು ಆಡಿದ್ದು ತುಳುವಿನಲ್ಲಿ ಎಂದು ಓದುವವರು ತಿಳಿದುಕೊಳ್ಳಬೇಕು.

ಇಷ್ಟು ಭಾಷೆಗಳ ನಡುವೆ ಬದುಕುವವರಿಗೆ ಒಂದು ಅಭ್ಯಾಸ ಉಂಟು. ಅದಕ್ಕೆ ನಮ್ಮಲ್ಲಿ ಹೆಸರಿಲ್ಲ, ನಾನು ಅದನ್ನು ದಾಟುವುದು ಎನ್ನುತ್ತೇನೆ. ಎದುರಿಗಿದ್ದವರು ನಮ್ಮ ಭಾಷೆಯಲ್ಲಿ ಒಂದು ಕ್ಷಣ ತಡವರಿಸಿದರೆ ಸಾಕು, ನಾವು ಅವರ ಭಾಷೆಗೆ ದಾಟಿಬಿಡುತ್ತೇವೆ. ಯೋಚಿಸುವುದಿಲ್ಲ, ಕೇಳುವುದೂ ಇಲ್ಲ. ಅಮ್ಮನ ಪ್ರಕಾರ ಬಂದವರನ್ನು ಮಾತಿಗೆ ಪರದಾಡಿಸುವುದು ಬಾಯಾರಿ ಬಂದವರಿಗೆ ನೀರು ಕೊಡದೆ ಇದ್ದ ಹಾಗೆ. ಕೇರಳದ ದಕ್ಷಿಣದ ಕಡೆಯಿಂದ ವರ್ಗವಾಗಿ ಬಂದ ಕರೆಂಟಿನ ಮೀಟರ್ ನೋಡುವವರೊಬ್ಬರಿಗೆ ಕನ್ನಡ ಕಲಿಯಬೇಕೆಂದು ಬಹಳ ಆಸೆ ಇತ್ತು. ಪ್ರತಿ ಸಲವೂ ಅಂಗಳದಲ್ಲಿ ನಿಂತು, "ಅಮ್ಮಾ, ನೀರು..." ಎಂದು ಶುರುಮಾಡುತ್ತಿದ್ದರು. ಕ್ರಿಯಾಪದಕ್ಕಾಗಿ ಅವರು ಆಕಾಶ ನೋಡುವಷ್ಟರಲ್ಲಿ ಅಮ್ಮ ಮಲಯಾಳದಲ್ಲಿ, ಬೆಲ್ಲ ಬೇಕಾ, ಮಜ್ಜಿಗೆ ಸಾಕಾ ಎಂದು ಕೇಳಿ ಮುಗಿಸಿರುತ್ತಿದ್ದರು. ಪಾಪ, ಮೂರು ವರ್ಷ ಇದ್ದು ಹೋದರು. 'ನೀರು' ಬಿಟ್ಟು ಎರಡನೆಯ ಶಬ್ದ ಕಲಿಯಲು ನಾವು ಬಿಡಲಿಲ್ಲ.

ಅಪ್ಪ ಹದಿನೆಂಟು ವರ್ಷ ಗಲ್ಫಿನ ಪೈಪಿನ ಗೋಡೌನಿನಲ್ಲಿ ದುಡಿದು, ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಮರಳಿ ಬಂದು, ಬಂದ್ಯೋಡು ಜಂಕ್ಷನಿನಲ್ಲಿ ಪೈಪಿನ ಅಂಗಡಿ ಹಾಕಿದವರು. ನನ್ನ ಬಗ್ಗೆ ಅವರಿಗೊಂದು ಸರಳವಾದ ಯೋಜನೆ ಇತ್ತು. ಪ್ಲಸ್ ಟು ಆದ ಮೇಲೆ ಟಿ.ಟಿ.ಸಿ. ಎಂಬ ಟೀಚರ್ ತರಬೇತಿ ಮಾಡುವುದು, ಸರಕಾರಿ ಕೆಲಸಕ್ಕೆ ಪಿ.ಎಸ್.ಸಿ. ಪರೀಕ್ಷೆ ಬರೆಯುವುದು, ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್ ಆಗುವುದು. ನಾನು ವಿಶ್ವವಿದ್ಯಾಲಯಕ್ಕೆ ಸೇರಿ ಜರ್ಮನ್ ಓದುತ್ತೇನೆ ಎಂದಾಗ ಅವರು ತಿನ್ನುತ್ತಿದ್ದ ದೋಸೆಯನ್ನು ತಟ್ಟೆಗೆ ಇಳಿಸಿದರು.

"ನರ್ಸಿಂಗಿಗಾ?"

"ಅಲ್ಲ. ಬರೀ ಜರ್ಮನ್."

"ಬರೀ ಜರ್ಮನ್ ಕಲಿತು ಎಂತ ಪ್ರಯೋಜನ?"

"ಗೊತ್ತಿಲ್ಲ."

"ಗೊತ್ತಿಲ್ಲದ್ದಕ್ಕೆ ಎಂತಕ್ಕೆ ಹೋಗುದು?"

"ಗೊತ್ತಿಲ್ಲ ಅಲ್ವಾ, ಅದಕ್ಕೇ."

ಈ ಉತ್ತರಕ್ಕೆ ಕೆನ್ನೆಗೆ ಎರಡು ಬೀಳಬೇಕಿತ್ತು. ಅಪ್ಪನಿಗೆ ನಗು ಬಂತು, ಹಾಗಾಗಿ ನಾನು ಬದುಕಿದೆ. "ಆಯ್ತು, ಒಂದು ವರ್ಷ ನೋಡುವ," ಅಂದರು. "ಪಾಸಾದರೆ ಮುಂದೆ ಓದು. ಇಲ್ಲದಿದ್ದರೆ ಟಿ.ಟಿ.ಸಿ. ಮತ್ತೆ ಮಾತಿಲ್ಲ."

ಊರಿನವರು ಮಾತ್ರ ನರ್ಸಿಂಗನ್ನು ಬಿಡಲಿಲ್ಲ. ನಮ್ಮ ಕಡೆ ಜರ್ಮನ್ ಕಲಿಯುವವರೆಲ್ಲ ಅಲ್ಲಿ ನರ್ಸ್ ಆಗಲು ಹೋಗುವವರು. ಜರ್ಮನ್ ಎಂದರೆ ಜರ್ಮನಿ, ಜರ್ಮನಿ ಎಂದರೆ ಆಸ್ಪತ್ರೆ. ಬಸ್ ಸ್ಟಾಪಿನಲ್ಲಿ ಒಬ್ಬರು ನನಗೆ ಕಾಲಿನ ಆಣಿ ತೋರಿಸಿ ಏನು ಹಚ್ಚಬೇಕೆಂದು ಕೇಳಿದರು. ಸುಣ್ಣ ಹಚ್ಚಿ ಅಂದೆ, ಬೇರೆ ಏನು ಹೇಳಲಿ.

ಆ ಮೊದಲ ವರ್ಷದ ಖುಷಿಯನ್ನು ಹೇಗೆ ಹೇಳುವುದು. ಮನೆಯಿಂದ ಒಂದು ಬಸ್ಸು, ಒಂದು ರೈಲು, ಮತ್ತೆ ಒಂದು ಬಸ್ಸು. ಹೈವೇ ಕೆಲಸದ ಧೂಳು ತಲೆತುಂಬ. ಆದರೂ ನಾನು ಹಾರಿಕೊಂಡೇ ಹೋಗುತ್ತಿದ್ದೆ. ಹದಿನೆಂಟನೆಯ ವಯಸ್ಸಿನಲ್ಲಿ ನನಗೆ ಮತ್ತೆ ಮೂರು ವರ್ಷದ ಮಗುವಾಗುವ ಅವಕಾಶ ಸಿಕ್ಕಿತ್ತು. ಇದು ಮೇಜು. ಮೇಜು ದೊಡ್ಡದು. ಮೇಜಿನ ಮೇಲೆ ಬೆಕ್ಕು ಇದೆ. ಇಷ್ಟನ್ನು ಹೇಳಿ ಮುಗಿಸಿದ ದಿನ ನಾನು ರೈಲಿನ ಬಾಗಿಲಿನ ಹತ್ತಿರ ನಿಂತು ಕುಂಬಳೆಯವರೆಗೆ ಅದನ್ನೇ ಗಟ್ಟಿಯಾಗಿ ಹೇಳಿದೆ. ಐದು ಭಾಷೆಯಲ್ಲಿ ಜಗಳ ಮಾಡಬಲ್ಲ ನನಗೆ ಒಂದು ಬೆಕ್ಕನ್ನು ಮೇಜಿನ ಮೇಲೆ ಕೂರಿಸಿದ್ದಕ್ಕೆ ಅಷ್ಟು ಸಂತೋಷವಾದದ್ದು ಯಾಕೆಂದು ಆಗ ತಿಳಿಯಲಿಲ್ಲ. ಬೇರೆ ಭಾಷೆಗಳೆಲ್ಲ ಯಾರದೋ ಸಲುವಾಗಿ ಬಂದವು, ಇದೊಂದು ನನ್ನ ಸಲುವಾಗಿ ಬಂದದ್ದು ಎಂದು ಈಗ ಅನಿಸುತ್ತದೆ.

ವರ್ಷದ ಕೊನೆಗೆ ಬಾಯಿಪರೀಕ್ಷೆ. ಹದಿನೈದು ನಿಮಿಷ ಜರ್ಮನಿನಲ್ಲಿ ಮಾತಾಡಬೇಕು, ಬೇರೆ ಭಾಷೆಗೆ ಹೋದರೆ ಸೊನ್ನೆ. ಇದನ್ನು ಜರ್ಮನ್ ಕಲಿಸುವ ನಮ್ಮ ಮೇಡಂ ಒಂದು ವಾರವಿಡೀ ಹೇಳಿದ್ದರು. ಪರೀಕ್ಷೆ ಮಾಡಲು ಹೊರಗಿನಿಂದ ಬಂದವರು ನಿವೃತ್ತರಾದ ಒಬ್ಬ ಜರ್ಮನ್ ಮೇಷ್ಟ್ರು. ಬಹಳ ವರ್ಷದಿಂದ ಕೇರಳದಲ್ಲೇ ನೆಲೆಸಿದವರು, ಮಲಯಾಳಿಗಳ ಹಾಗೆ ಬಿಳಿ ಪಂಚೆ, ಮುಂಡು ಉಟ್ಟಿದ್ದರು. ನನ್ನ ಸರದಿ ಬರುವಾಗ ಕರೆಂಟು ಹೋಗಿತ್ತು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಅವರ ಕೆಂಪು ಮುಖದ ಮೇಲೆ ಬೆವರು ಇಳಿಯುತ್ತಿತ್ತು. ನನ್ನ ಊರಿನ ಬಗ್ಗೆ ಕೇಳಿದರು, ಹೇಳಿದೆ. ಮನೆಯ ಬಗ್ಗೆ ಕೇಳಿದರು, ಹೇಳಿದೆ. ಚೆನ್ನಾಗಿ ಹೋಗುತ್ತಿತ್ತು. ಆಮೇಲೆ ಅವರು ಇನ್ನೊಂದು ಪ್ರಶ್ನೆ ಶುರುಮಾಡಿ, ಮಧ್ಯದಲ್ಲಿ ನಿಲ್ಲಿಸಿ, ಬೆರಳು ಚಿಟಿಕೆ ಹೊಡೆಯುತ್ತ, ಯಾವುದೋ ಶಬ್ದ ಹುಡುಕುತ್ತ, "ಆ... ಆ..." ಅಂದರು.

ಅದು ಪರೀಕ್ಷೆಯ ಭಾಗ. ಮರೆತ ಹಾಗೆ ನಟಿಸಿ, ಆ ಶಬ್ದವನ್ನು ನಮ್ಮ ಬಾಯಿಂದ ಬರಿಸುವ ಉಪಾಯ. ಬೇರೆ ಎಲ್ಲರೂ ಅದನ್ನು ಅರ್ಥ ಮಾಡಿಕೊಂಡರು. ನನಗೆ ಕಂಡದ್ದು ಇಷ್ಟೇ: ಅಜ್ಜನಂಥವರೊಬ್ಬರು ಸೆಕೆಯಲ್ಲಿ ಮಾತು ಸಿಗದೆ ಪರದಾಡುತ್ತಿದ್ದಾರೆ. ನಾನು ಇಂಗ್ಲಿಷಿಗೆ ದಾಟಿದೆ. ಅವರು ಬೆಪ್ಪಾಗಿ ನೋಡಿದರು. ಇಂಗ್ಲಿಷೂ ಇವರದಲ್ಲವಲ್ಲ ಎಂದು ಹೊಳೆಯಿತು. ಮುಂಡು ನೋಡಿದೆ. "ಸಾರೇ, ಮಲಯಾಳಂ ಮದಿ," ಅಂದೆ, ಮಲಯಾಳ ಸಾಕು ಎಂದು.

ಆ ಮುಖ ಅರಳಿದ್ದು ನನಗೆ ಸಾಯುವವರೆಗೆ ಮರೆಯುವುದಿಲ್ಲ. ಬೆಳಗ್ಗಿನಿಂದ ಇಪ್ಪತ್ತು ಮಕ್ಕಳ ಹರಕು ಜರ್ಮನ್ ಕೇಳಿ ಬೇಸತ್ತ ಜೀವ ಅದು. ಉಳಿದ ಹತ್ತು ನಿಮಿಷ ನಾವಿಬ್ಬರೂ ಮಲಯಾಳದಲ್ಲಿ ಅವರ ಹಿತ್ತಲಿನ ಹಲಸಿನ ಮರದ ಬಗ್ಗೆ, ಹಣ್ಣು ಕದಿಯುವ ಮಂಗಗಳ ಬಗ್ಗೆ, ಹಪ್ಪಳಕ್ಕೆ ಎಷ್ಟು ಬಲಿತ ಕಾಯಿ ಆಗಬೇಕು ಎಂಬುದರ ಬಗ್ಗೆ ಮಾತಾಡಿದೆವು. ಕೈ ಕುಲುಕಿ ಹೊರಗೆ ಬಂದೆ. ಮೊದಲ ರ‍್ಯಾಂಕು ನನಗೇ ಎಂದು ಗೆಳತಿಯರಿಗೆ ಹೇಳಿದೆ.

ಫಲಿತಾಂಶದ ಹಾಳೆಯಲ್ಲಿ ಅವರು ಬರೆದಿದ್ದದ್ದು ಎರಡೇ ಸಾಲು. ಅಭ್ಯರ್ಥಿ ತುಂಬಾ ಒಳ್ಳೆಯವಳು. ಕೊನೆಯ ಹತ್ತು ನಿಮಿಷ ಜರ್ಮನ್ ಕೇಳಿಸಲಿಲ್ಲ.

ಮನೆಗೆ ಬಂದು ಅತ್ತೆ. ನಿಜವಾಗಿ ಗೊಳೋ ಎಂದು ಅತ್ತೆ, ಯಾಕೆಂದರೆ ಮಾತು ಮಾತೇ, ಟಿ.ಟಿ.ಸಿ. ಎಂದರೆ ಟಿ.ಟಿ.ಸಿ. ಒಂದು ತಿಂಗಳ ನಂತರ ಮರುಪರೀಕ್ಷೆ ಇತ್ತು, ಆದರೆ ಅದು ಒಪ್ಪಂದದಲ್ಲಿ ಇರಲಿಲ್ಲ. ಅಮ್ಮ ಕಥೆ ಕೇಳಿ, "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಅಡಿಗೆ ಮನೆಯಿಂದ ಬಂದದ್ದು ಅಳುವೋ ನಗುವೋ ಎಂದು ಸ್ವಲ್ಪ ಹೊತ್ತು ಸಂಶಯವಿತ್ತು. ನಗುವೇ.

ಅಪ್ಪ ನಗಲಿಲ್ಲ. ಆ ಎರಡು ಸಾಲನ್ನು ನನ್ನ ಹತ್ತಿರ ಎರಡು ಸಲ ಹೇಳಿಸಿಕೊಂಡರು. "ಇದು ನೀನು ಫೇಲಾದದ್ದಲ್ಲ, ನಾವು ಫೇಲಾದದ್ದು," ಅಂದರು. "ಮೇಡಂ ಎಂತ ಹೇಳಿದರು?"

ಮೇಡಂ ಹೇಳಿದ್ದು ಹೀಗೆ: ದಿನಕ್ಕೆ ಅರ್ಧ ಗಂಟೆ ಯಾರಾದರೊಬ್ಬರ ಎದುರು ಕೂತು ಜರ್ಮನ್ ಮಾತಾಡಬೇಕು. ಅವರಿಗೆ ಅರ್ಥವಾಗದಿದ್ದರೂ ಬಿಡಬಾರದು. ಅವರು ಪರದಾಡಲಿ, ನೀನೂ ಪರದಾಡು.

"ಬಂದ್ಯೋಡಿನಲ್ಲಿ ಅಂಥವರು ಯಾರುಂಟು?" ಎಂದು ಅಮ್ಮ ಒಳಗಿನಿಂದ ಕೇಳಿದರು.

"ನಾನು ಕೂರುತ್ತೇನೆ," ಅಂದರು ಅಪ್ಪ. "ಗಲ್ಫಿಗೆ ಹೋದ ಹೊಸತರಲ್ಲಿ ಆರು ತಿಂಗಳು ನನಗೆ ಅವರದ್ದು ಗೊತ್ತಿಲ್ಲ, ಅವರಿಗೆ ನನ್ನದು ಬೇಡ. ಪರದಾಡಿ ಅಭ್ಯಾಸ ಉಂಟು ಮಾರಾಯ್ತಿ. ಒಂದು ತಿಂಗಳು ಕೊಡುವ. ಅದರಲ್ಲೂ ಹೋದರೆ ಟಿ.ಟಿ.ಸಿ."

ಹೀಗೆ ನಮ್ಮ ಪೈಪಿನ ಅಂಗಡಿಯಲ್ಲಿ ಮಧ್ಯಾಹ್ನ ಎರಡರಿಂದ ಎರಡೂವರೆ, ಜಂಕ್ಷನ್ ಊಟ ಮಾಡಿ ತೂಕಡಿಸುವ ಹೊತ್ತಿನಲ್ಲಿ, ಜರ್ಮನ್ ಶುರುವಾಯಿತು. ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ, ನಾನು ಸ್ಟೂಲಿನ ಮೇಲೆ. ಮೊದಲ ದಿನ ಹೆಸರು, ಊರು, ವಯಸ್ಸು ಹೇಳಿ, ಅಮ್ಮ ಅಕ್ಕಿ ರೊಟ್ಟಿ ಮಾಡುತ್ತಾರೆ ಎಂದು ಹೇಳಿ ಸುಮ್ಮನಾದೆ. ಅಪ್ಪ ಗಡಿಯಾರ ನೋಡಿದರು. "ಇನ್ನು ಇಪ್ಪತ್ತೇಳು ನಿಮಿಷ ಉಂಟು," ಅಂದರು.

ಎರಡನೆಯ ದಿನ ಪೈಪುಗಳನ್ನು ಹಿಡಿದೆ. ಈ ಪೈಪು ನೀಲಿ. ಆ ಪೈಪು ಬೂದು. ನೀಲಿ ಪೈಪು ಬೂದು ಪೈಪಿಗಿಂತ ಉದ್ದ. ಬೂದು ಪೈಪಿಗೆ ಬೇಸರ ಇಲ್ಲ. ಅಪ್ಪ ಗಂಭೀರವಾಗಿ ತಲೆಯಾಡಿಸಿದರು, ಬೂದು ಪೈಪಿನ ವಿಷಯ ಅವರಿಗೆ ಮೊದಲೇ ಗೊತ್ತಿದ್ದ ಹಾಗೆ.

ಮೂರನೆಯ ದಿನ ಸರಿಯಾಗಿ ಎರಡು ಹತ್ತಕ್ಕೆ ನೆಕ್ರಾಜೆಯ ಕೃಷಿಕರೊಬ್ಬರು ಬಂದು ನನ್ನ ಹತ್ತಿರ ಪೈಪು ಜೋಡಿಸುವ ಕಪ್ಲಿಂಗ್ ಕೇಳಿದರು, ಕನ್ನಡದಲ್ಲಿ. ನನ್ನ ನಾಲಿಗೆ ಕನ್ನಡಕ್ಕೆ ದಾಟಲು ಕಾಲೆತ್ತಿತ್ತು. ಅಪ್ಪ ಬೆರಳೆತ್ತಿದರು. ನಾನು ಜರ್ಮನಿನಲ್ಲೇ, ಎಷ್ಟು ಬೇಕು, ದೊಡ್ಡದೋ ಸಣ್ಣದೋ ಎಂದು ಕೇಳಿದೆ. ಅವರು ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು.

"ಹುಡುಗಿಗೆ ಎಂತ ಆಯ್ತು?"

"ಪರೀಕ್ಷೆ," ಅಂದರು ಅಪ್ಪ.

"ಹಾಗಾ," ಎಂದು ಅವರು ಸಮಾಧಾನದಿಂದ ಪಂಚೆ ಮೇಲಕ್ಕೆ ಕಟ್ಟಿ ನನ್ನ ಎದುರು ನಿಂತರು. ಮೂರು ಬೆರಳು ತೋರಿಸಿದರು. ನಾನು ಮೂರನ್ನು ಜರ್ಮನಿನಲ್ಲಿ ಹೇಳಿದೆ. ಅವರೂ ಹೇಳಿದರು, ದ್ರೈ. ಸಣ್ಣದೆಂದು ಕೈಯಲ್ಲಿ ತೋರಿಸಿದರು. ಅದಕ್ಕೂ ಶಬ್ದ ಕೊಟ್ಟೆ, ಅದನ್ನೂ ಹೇಳಿದರು. ಹೋಗುವಾಗ ನನ್ನಿಂದಲೇ ಕಲಿತ ಡಾಂಕೆ, ಅಂದರೆ ಧನ್ಯವಾದ, ಎಂದು ಕೈ ಮುಗಿದು ಹೋದರು.

ಅಲ್ಲಿಗೆ ಕೆಟ್ಟಿತು. ನಮ್ಮೂರಿನವರಿಗೆ ಒಬ್ಬ ಮನುಷ್ಯನನ್ನು ಅವನ ಭಾಷೆಯಲ್ಲಿ ಒಂಟಿಯಾಗಿ ಬಿಡಲು ಗೊತ್ತೇ ಇಲ್ಲ. ವಾರದೊಳಗೆ ಎದುರಿನ ಆಟೋದವರು ನಮಸ್ಕಾರದ ಬದಲು ಗೂಟನ್ ಟಾಗ್ ಎಂದು ಹಾರ್ನ್ ಹೊಡೆಯತೊಡಗಿದರು. ಒಬ್ಬರು ಪೈಪು ತಿರುಗಿಸುವ ಎಲ್ಬೋ ಕೊಳ್ಳುವ ನೆಪದಲ್ಲಿ ಬಂದು ಹತ್ತರವರೆಗೆ ಎಣಿಸಲು ಕಲಿತು, ಎಲ್ಬೋ ಮರೆತು ಹೋದರು. ವಯಸ್ಸಾದ ಬ್ಯಾರಿ ಅಜ್ಜಿಯೊಬ್ಬರು ಬಂದರು. ಈ ಹೊತ್ತಿನಲ್ಲಿ ಹುಡುಗಿ ಪರದೇಶದ ಭಾಷೆ ಮಾತ್ರ ಆಡುವುದು ಎಂದು ಅವರಿಗೆ ಹೊರಗೇ ತಿಳಿಸಿದ್ದರು. ಅಜ್ಜಿ ಸ್ವಲ್ಪ ಯೋಚಿಸಿ, ದುಬೈಯಲ್ಲಿ ಮಗನ ಮನೆಯಲ್ಲಿದ್ದಾಗ ಕಲಿತ ಅರಬ್ಬಿಯನ್ನು ತೆಗೆದು, ತೋಟಕ್ಕೆ ನೀರು ಬಿಡುವ ಓಸು ಪೈಪಿಗೆ ಬೆರಳು ತೋರಿಸಿ, "ಶೂ ಹಾದಾ?" ಅಂದರು, ಇದೇನು ಎಂದು. ಪರದೇಶಕ್ಕೆ ಪರದೇಶ, ಲೆಕ್ಕ ಸರಿಯಾಯಿತಲ್ಲ. ನಾನು ಜರ್ಮನಿನಲ್ಲಿ ಪೈಪಿನ ಗುಣಗಾನ ಮಾಡಿದೆ, ಅವರು ಅರಬ್ಬಿಯಲ್ಲಿ ತಲೆದೂಗಿದರು, ಆಟೋದವರು ಹೊರಗೆ ನಿಂತು ಹೊಟ್ಟೆ ಹಿಡಿದು ನಕ್ಕರು. ಆ ಮಧ್ಯಾಹ್ನದಷ್ಟು ಸುಖ ನಾನು ಮತ್ತೆ ಯಾವ ತರಗತಿಯಲ್ಲೂ ಪಟ್ಟಿಲ್ಲ.

ಆದರೆ ನನಗೆ ಬೇಕಾಗಿದ್ದದ್ದು ಅದಲ್ಲ. ಎಲ್ಲರೂ ಕೈಕೊಟ್ಟು ದಡ ಸೇರಿಸಿದರೆ ಈಜು ಬರುವುದು ಹೇಗೆ? ನನಗೆ ನಿಜವಾಗಿ ಈಜು ಕಲಿಸಿದ್ದು ಅಪ್ಪ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾನು ವಾಕ್ಯದ ನಡುವೆ ಸಿಕ್ಕಿಹಾಕಿಕೊಂಡರೆ ಅವರು ತುಳುವಿನಲ್ಲಿ ಏನೂ ಕೇಳುತ್ತಿರಲಿಲ್ಲ, ಸಾಕು ಬಿಡು ಎನ್ನುತ್ತಿರಲಿಲ್ಲ, ಪೇಪರು ತೆರೆಯುತ್ತಿರಲಿಲ್ಲ. ಕೈ ಮೊಣಕಾಲ ಮೇಲಿಟ್ಟು ಕಾಯುತ್ತಿದ್ದರು. ನಿಮಿಷಗಟ್ಟಲೆ ಕಾಯುತ್ತಿದ್ದರು. ಶಬ್ದ ಸಿಕ್ಕಿದಾಗ ನನ್ನ ಮುಖ ನೋಡಿಯೇ ಅವರಿಗೆ ತಿಳಿಯುತ್ತಿತ್ತು, ತಲೆಯಾಡಿಸುತ್ತಿದ್ದರು.

ಒಂದು ದಿನ ಎರಡೂವರೆ ಕಳೆದ ಮೇಲೆ ಕೇಳಿದೆ. "ಒಂದು ಅಕ್ಷರ ಅರ್ಥ ಆಗುದಿಲ್ಲ. ನಿಮಗೆ ಬೇಜಾರಾಗುದಿಲ್ವಾ?"

"ಎಂತಕ್ಕೆ ಬೇಜಾರು? ನೀನು ಸಣ್ಣದಿರುವಾಗ ನಾನು ಊರಿಗೆ ಬಂದರೆ ನನ್ನ ಹತ್ತಿರ ಬಾಯಿ ತೆರೆಯುತ್ತಿರಲಿಲ್ಲ. ಈಗ ದಿನಕ್ಕೆ ಅರ್ಧ ಗಂಟೆ ಮಾತಾಡ್ತೀ. ಯಾವ ಭಾಷೆಯಾದರೆ ಎಂತ?"

ಇದನ್ನು ಅವರು ನಕ್ಕೇ ಹೇಳಿ, ಎದ್ದು, ಪೈಪು ಅಂಟಿಸುವ ಸೊಲ್ಯೂಷನ್ ಡಬ್ಬಿಗಳನ್ನು ಸಾಲಾಗಿ ಇಡತೊಡಗಿದರು. ನನಗೆ ಏನಾದರೂ ಹೇಳಬೇಕಿತ್ತು. ಐದು ಭಾಷೆಯವಳು ಡಬ್ಬಿ ಎತ್ತಿಕೊಟ್ಟೆ, ಅಷ್ಟೇ.

ಮರುಪರೀಕ್ಷೆಯ ದಿನ ಅಪ್ಪ ಅಂಗಡಿಗೆ ಬಾಗಿಲು ಹಾಕಿ ನನ್ನ ಜೊತೆ ಬಂದರು. ಬೇಡ ಎಂದರೂ ಕೇಳಲಿಲ್ಲ. ಹೊರಗೆ ಕಲ್ಲಿನ ಬೆಂಚಿನಲ್ಲಿ ಕೂತರು. ಒಳಗೆ ಅದೇ ಮೇಷ್ಟ್ರು, ಅದೇ ಮುಂಡು, ಈ ಸಲ ಫ್ಯಾನು ತಿರುಗುತ್ತಿತ್ತು. ನನ್ನನ್ನು ಕಂಡದ್ದೇ ಎರಡೂ ಕೈ ಎತ್ತಿ, ಇವತ್ತು ಹಲಸಿನ ಮಾತು ಇಲ್ಲ ಎಂದು ಜರ್ಮನಿನಲ್ಲಿ ಹೇಳಿದರು. ಮೇಡಂ ಮೂಲೆಯಲ್ಲಿ ಕೂತು ಸೀಲಿಂಗ್ ನೋಡಿದರು.

ಈ ತಿಂಗಳು ಯಾರ ಜೊತೆ ಜರ್ಮನ್ ಮಾತಾಡಿದೆ ಎಂದು ಮೇಷ್ಟ್ರು ಕೇಳಿದರು. ಅಪ್ಪನ ಜೊತೆ ಅಂದೆ. ಅವರಿಗೆ ಜರ್ಮನ್ ಬರುತ್ತದಾ? ಇಲ್ಲ. ಮತ್ತೆ ಅವರು ಯಾಕೆ ಕೂತರು?

ಉತ್ತರ ಸುಲಭವಿತ್ತು. ನಾನು ಪಾಸಾಗಬೇಕೆಂದು ಎಂದರೆ ಮುಗಿಯುತ್ತಿತ್ತು. ಬಾಯಿ ತೆರೆದೆ, ಅದು ಬರಲಿಲ್ಲ. ಮೇಷ್ಟ್ರು ಸಹಾಯಕ್ಕೆ ಬರಲಿಲ್ಲ, ಶಬ್ದ ಕೊಡಲಿಲ್ಲ, ಇನ್ನೊಂದು ಪ್ರಶ್ನೆಗೆ ಹೋಗಲಿಲ್ಲ, ಕಾದರು. ನನ್ನ ಹತ್ತಿರ ಇದ್ದದ್ದು ಒಂದು ವರ್ಷದ ಕೈತುಂಬ ಶಬ್ದ. ಅದರಲ್ಲಿ ಸುಳ್ಳು ಹೇಳಲು, ಸುತ್ತಿ ಬಳಸಿ ಹೇಳಲು ಸಾಲುವಷ್ಟು ಇರಲಿಲ್ಲ. ಇದ್ದದ್ದನ್ನು ಒಂದೊಂದಾಗಿ ಇಟ್ಟೆ.

ನನ್ನ ಅಪ್ಪ ದೂರ ಇದ್ದರು. ಎರಡು ವರ್ಷಕ್ಕೊಮ್ಮೆ ಬಂದರು. ನನಗೆ ಐದು ವರ್ಷ. ಅವರು ನಲವತ್ತು ದಿನ ಇದ್ದರು. ಅವರು ದಿನಾ ಕೇಳಿದರು. ನಾನು ಉತ್ತರ ಹೇಳಲಿಲ್ಲ. ನನಗೆ ಎಲ್ಲ ಶಬ್ದ ಗೊತ್ತಿತ್ತು. ನನಗೆ ಸಿಟ್ಟು ಇತ್ತು. ನಾನು ಕೊಡಲಿಲ್ಲ. ಕಾರು ಹೋಯಿತು. ಆಮೇಲೆ ನಾನು ಅಂಗಳದಲ್ಲಿ ಮಾತಾಡಿದೆ. ಅಂಗಳದಲ್ಲಿ ಯಾರೂ ಇರಲಿಲ್ಲ. ನನ್ನ ಅಪ್ಪ ಒಳ್ಳೆಯವರು. ನನಗೆ ಅವರು ಇಷ್ಟ.

ಮೇಷ್ಟ್ರು ಕನ್ನಡಕ ತೆಗೆದು ಮುಂಡಿನ ತುದಿಯಲ್ಲಿ ಒರೆಸಿದರು. ಆಮೇಲೆ ನಾನು ಮಾಡಿದ್ದ ತಪ್ಪುಗಳನ್ನು ಒಂದೊಂದಾಗಿ ಹೇಳಿ ತಿದ್ದಿಸಿದರು. ಹನ್ನೊಂದು ತಪ್ಪು. ಅಷ್ಟು ಪ್ರೀತಿಯಿಂದ ಯಾರೂ ನನ್ನ ತಪ್ಪು ಎಣಿಸಿರಲಿಲ್ಲ.

ಮೇಡಂ ಹೊರಗೆ ಬಂದು ಅಪ್ಪನಿಗೆ ಮಲಯಾಳದಲ್ಲಿ, ಪಾಸಾಗಿದ್ದಾಳೆ, ಇನ್ನು ಎರಡು ವರ್ಷ ನನ್ನ ಹತ್ತಿರ ಬಿಡಿ ಅಂದರು. ಅಪ್ಪ, ಮಾತು ಮಾತೇ ಅಲ್ವಾ, ಓದಲಿ ಅಂದರು. ನಾನು ಕುಣಿದೆ. ಆ ವರಾಂಡದಲ್ಲಿ, ಇಷ್ಟುದ್ದದ ಹುಡುಗಿ, ಚಪ್ಪಲಿ ಒಂದು ಕಡೆ ನಾನೊಂದು ಕಡೆ ಕುಣಿದೆ. ಟಿ.ಟಿ.ಸಿ. ಎಂಬ ಮೂರು ಅಕ್ಷರ ನನ್ನ ಬೆನ್ನಿನಿಂದ ಇಳಿದು ಹೋದವು. ಬಸ್ ಸ್ಟಾಪಿನವರೆಗೆ ನಾನು ಎರಡು ಹೆಜ್ಜೆ ಮುಂದೆ ಹಾರುವುದು, ಅಪ್ಪನಿಗಾಗಿ ನಿಲ್ಲುವುದು, ಮತ್ತೆ ಹಾರುವುದು. ಅಪ್ಪ ಮಾನ ಹೋಯಿತೆಂದು ಅತ್ತ ಇತ್ತ ನೋಡುತ್ತ, ನಗು ತಡೆದುಕೊಳ್ಳುತ್ತ ಬಂದರು.

ಸ್ಟಾಪಿನಲ್ಲಿ ನಿಂತ ಮೇಲೆ ಕೇಳಿದರು. "ಎಂತ ಕೇಳಿದರು ಒಳಗೆ?"

"ನಿಮ್ಮ ವಿಷಯ."

"ನನ್ನದಾ? ನನ್ನದೆಂತ ಉಂಟು ಹೇಳಲಿಕ್ಕೆ? ನೀನು ಎಂತ ಹೇಳಿದೆ?"

ಹೇಳಲು ಹೊರಟೆ. ತುಳುವಿನಲ್ಲಿ, ನನ್ನ ಹುಟ್ಟಿನ ಭಾಷೆಯಲ್ಲಿ, ಮೊದಲ ಶಬ್ದವೇ ತಡೆದು ನಿಂತಿತು. ಇನ್ನೊಂದು ಕಡೆಯಿಂದ ಶುರುಮಾಡಿದೆ, ಅದೂ ನಿಂತಿತು. ಅಲ್ಲಿ ಶಬ್ದಗಳಿಗೆ ಬರವಿಲ್ಲ, ಆದರೆ ಒಂದನ್ನು ಎತ್ತಲು ಹೋದರೆ ಅಪ್ಪ ಊರಲ್ಲಿಲ್ಲದ ಹದಿಮೂರು ವರ್ಷ ಅದರ ಹಿಂದೆ ಜಗ್ಗಿಕೊಂಡು ಬರುತ್ತಿತ್ತು. ನಾನು ಕುಣಿಯುವುದನ್ನು ನಿಲ್ಲಿಸಿ ಕಣ್ಣು ಒರೆಸಿಕೊಂಡೆ.

ಅಪ್ಪ ನನ್ನ ಮುಖ ನೋಡಿದರು. "ತುಳುವಿನಲ್ಲಿ ಬರುದಿಲ್ವಾ?" ಅಂದರು. "ಪರವಾಗಿಲ್ಲ ಮಗಾ. ಜರ್ಮನಿನಲ್ಲೇ ಹೇಳು."

ಹೇಳಿದೆ. ಮೊದಲಿನಿಂದ, ಎಲ್ಲವನ್ನೂ, ಹನ್ನೊಂದು ತಪ್ಪುಗಳನ್ನು ತಿದ್ದಿ ಹೇಳಿದೆ. ಮಧ್ಯದಲ್ಲಿ ನಮ್ಮ ಬಸ್ಸು ಬಂತು, ಅಪ್ಪ ಕೈ ತೋರಿಸಲಿಲ್ಲ.